ತಮ್ಮನ ಕಿವಿಗೆ ಅಕ್ಕ ಹಾಕಿಸಿದ ಬೀಗ

ಆಫೀಸಿನಲ್ಲಿ ಎಲ್ಲರೂ ಅವಳನ್ನು ಗೆದ್ದಲು ಎಂದು ಕರೆಯುತ್ತಿದ್ದರು. ಬೈಗುಳವಲ್ಲ, ಮೆಚ್ಚಿಗೆಯ ಹೆಸರು. ಉಳಿದವರು ಪರದೆಯ ಮೇಲೆ ಕಾಣುವ ಗುಂಡಿ, ಬಣ್ಣ, ಚಿತ್ರಗಳ ಕೆಲಸ ಮಾಡಿಕೊಂಡಿದ್ದರೆ ಇವಳದು ಬುಡದ ಕೆಲಸ. ಚಿಪ್ ಜೊತೆ ಅದರದೇ ಭಾಷೆಯಲ್ಲಿ ಮಾತಾಡುವವಳು. ಬಟ್ಟೆ ಒಗೆಯುವ ಮೆಷಿನ್ನು ಯಾವಾಗ ನೀರು ತುಂಬಿಕೊಳ್ಳಬೇಕು, ಲಿಫ್ಟು ಬಾಗಿಲು ಮುಚ್ಚುವ ಮೊದಲು ಎಷ್ಟು ಹೊತ್ತು ಕಾಯಬೇಕು ಎಂದು ಹೇಳಿಕೊಡುವ ಪ್ರೋಗ್ರಾಂಗಳನ್ನು ಬರೆಯುತ್ತ ಅವಳ ಕಸುಬು ಶುರುವಾಯಿತು. ಬರೆಯುತ್ತ ಬರೆಯುತ್ತ, ಬೇರೆಯವರು ಬರೆದದ್ದರಲ್ಲಿ ತೂತು ಕಾಣುವ ಕಣ್ಣು ಬಂತು. ಕೊನೆಗೆ ಅದೇ ಅವಳ ಉದ್ಯೋಗವಾಯಿತು. ಕಂಪನಿಗಳು ಮಾರುವ ಯಂತ್ರಗಳನ್ನು ತಂದು ಬಿಚ್ಚುವುದು, ಚಿಪ್ ಒಳಗಿನ ಅಂಕಿಗಳನ್ನು ಹೊರಗೆಳೆಯುವುದು, ಆ ಅಂಕಿಗಳಿಂದಲೇ ಬರೆದವನ ಮನಸ್ಸನ್ನು ಓದುವುದು, ಕಳ್ಳ ಎಲ್ಲಿಂದ ನುಗ್ಗಬಹುದು ಎಂದು ಕಳ್ಳನಿಗಿಂತ ಮೊದಲೇ ತಿಳಿದು ಕಂಪನಿಗೆ ಹೇಳುವುದು. ಊಟದ ಹೊತ್ತಿನಲ್ಲೂ ಅವಳ ಬಾಯಿ ಅನ್ನ ಅಗಿಯುತ್ತಿದ್ದರೆ ತಲೆ ಅಂಕಿ ಅಗಿಯುತ್ತಿರುತ್ತಿತ್ತು.

ಅವಳಿಗಿದ್ದವನು ಒಬ್ಬನೇ ತಮ್ಮ. ಅಪ್ಪ ಅಮ್ಮ ಇಬ್ಬರೂ ಬೇಗ ಹೋಗಿಬಿಟ್ಟಿದ್ದರಿಂದ ಅವನಿಗೆ ಅಕ್ಕನೇ ತಾಯಿ, ಅಕ್ಕನೇ ತಂದೆ, ಬೈಯುವುದಕ್ಕೂ ಅಕ್ಕನೇ. ಕಾಲೇಜಿನ ವಯಸ್ಸಿನಲ್ಲಿ ಅವನಿಗೆ ಮೆದುಳು ಜ್ವರ ಬಂತು. ಜೀವ ಉಳಿಯಿತು, ಎರಡೂ ಕಿವಿ ಹೋದವು. ಮನೆಯಲ್ಲಿ ಸದಾ ಸಿಳ್ಳೆ ಹಾಕಿಕೊಂಡು ಓಡಾಡುತ್ತಿದ್ದ ಹುಡುಗ ಬಾಯಿಗೆ ಹೊಲಿಗೆ ಹಾಕಿಕೊಂಡವನ ಹಾಗಾದ. ತನ್ನ ಮಾತು ತನಗೇ ಕೇಳದ ಮೇಲೆ ಯಾರಿಗಾಗಿ ಮಾತಾಡಬೇಕು ಎಂದು ಅವನಿಗೆ ಅನ್ನಿಸಿರಬೇಕು. ಅಕ್ಕ ಹೇಳಿದ್ದನ್ನು ತುಟಿ ನೋಡಿ ಅರ್ಧ ತಿಳಿದುಕೊಳ್ಳುತ್ತಿದ್ದ, ಇನ್ನರ್ಧಕ್ಕೆ ತಲೆಯಾಡಿಸಿಬಿಡುತ್ತಿದ್ದ.

ಆ ಮೌನದಲ್ಲೇ ಕೆಲವು ವರ್ಷ ಕಳೆದ ಮೇಲೆ ಆಪರೇಷನ್ ಆಯಿತು. ಎಡಗಿವಿಯ ಹಿಂದಿನ ಮೂಳೆಯೊಳಗೆ ಒಂದು ಸಣ್ಣ ಯಂತ್ರ, ಅದರಿಂದ ಒಳಗಿವಿಗೆ ಕೂದಲಿನಷ್ಟು ತೆಳು ತಂತಿಗಳು. ಹೊರಗೆ ಕಿವಿಯ ಮೇಲೆ ಸಿಕ್ಕಿಸಿಕೊಳ್ಳುವ ಇನ್ನೊಂದು ಯಂತ್ರ. ಹೊರಗಿನದು ಸದ್ದನ್ನು ಹಿಡಿದು ಒಳಗಿನದಕ್ಕೆ ಕಳಿಸುತ್ತದೆ, ಒಳಗಿನದು ನರಕ್ಕೆ ಮುಟ್ಟಿಸುತ್ತದೆ. ಯಾವ ತಂತಿಗೆ ಎಷ್ಟು ವಿದ್ಯುತ್ತು ಎಂದು ಆಸ್ಪತ್ರೆಯ ಶ್ರವಣತಜ್ಞೆ ಕಂಪ್ಯೂಟರಿನಲ್ಲಿ ಕೂತು ಹೊಂದಿಸಬೇಕು. ಮೊದಲ ಸಲ ಹೊಂದಿಸಿದ ದಿನ ತಮ್ಮ ಬೆವೆತು ಕೂತಿದ್ದ.

"ಅಕ್ಕ, ಏನಾದ್ರೂ ಮಾತಾಡು," ಅಂದ.

ಎಷ್ಟೋ ದಿನದಿಂದ ಏನು ಹೇಳಬೇಕೆಂದು ಯೋಚಿಸಿಟ್ಟುಕೊಂಡಿದ್ದವಳಿಗೆ ಆ ಹೊತ್ತಿಗೆ ಒಂದೂ ನೆನಪಾಗಲಿಲ್ಲ. "ಚಪ್ಪಲಿ ಎಲ್ಲಿ ಬಿಟ್ಟೆ?" ಎಂದಳು.

ಅವನ ಕಣ್ಣು ತುಂಬಿಕೊಂಡವು. "ಡಬ್ಬದೊಳಗೆ ಕೂತ ಕಪ್ಪೆ ಥರ ಇದೆ ನಿನ್ನ ಧ್ವನಿ," ಅಂದ. ಇಬ್ಬರೂ ನಗುತ್ತ ಅತ್ತರು. ಶ್ರವಣತಜ್ಞೆ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು.

ಕಪ್ಪೆಯ ಧ್ವನಿ ತಿಂಗಳು ಕಳೆಯುವುದರೊಳಗೆ ಅಕ್ಕನ ಧ್ವನಿಯಾಯಿತು. ತಮ್ಮ ಸೈಕಲ್ ರಿಪೇರಿ ಅಂಗಡಿ ಇಟ್ಟ. ಚಕ್ರ ತಿರುಗಿಸಿ ಕಿವಿಗೊಟ್ಟು, ಎಲ್ಲಿ ಬೇರಿಂಗಿನ ಗುಂಡು ಸವೆದಿದೆ, ಎಲ್ಲಿ ಕಡ್ಡಿ ಸಡಿಲವಾಗಿದೆ ಎಂದು ಹೇಳುತ್ತಿದ್ದ. ಬಂದವರ ಜೊತೆ ಹರಟೆಯೋ ಹರಟೆ. ಇಷ್ಟು ವರ್ಷ ಒಳಗೆ ಕಟ್ಟಿಟ್ಟ ಮಾತೆಲ್ಲ ಕಟ್ಟೆಯೊಡೆದು ಬಂದ ಹಾಗೆ. ಟ್ಯೂಬು ಬದಲಾಯಿಸಲು ಬಂದು ಅವನ ಮಾತಿಗೆ ಮರುಳಾದ ಒಬ್ಬಳು, ಅವಳೂ ಮಾತಿನ ಮಲ್ಲಿಯೇ, ಕೊನೆಗೆ ಅವನನ್ನೇ ಮದುವೆಯಾದಳು. ಕಿವಿಯ ಯಂತ್ರಕ್ಕೆ ಅವನು ಇಟ್ಟ ಹೆಸರು ಹುಳ. "ಅಕ್ಕ ಗೆದ್ದಲು, ನಾನು ಹುಳ ಹೊತ್ತವನು. ನಮ್ಮದು ಕೀಟಗಳ ವಂಶ," ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಹೊರಗಿನ ಯಂತ್ರ ಹಳೆಯದಾಗಿ ಕಂಪನಿ ಹೊಸದನ್ನು ಕೊಟ್ಟಾಗ, ತಮ್ಮ ಹಳೆಯದನ್ನು ತಂದು ಅಕ್ಕನ ಕೈಗಿಟ್ಟ. "ತಗೋ, ನಿನಗೆ ಆಟದ ಸಾಮಾನು. ಚೆನ್ನಾಗಿ ಹಾಳು ಮಾಡು."

ಅಲ್ಲಿಯವರೆಗೆ ಅವಳು ತಮ್ಮನ ಯಂತ್ರದ ತಂಟೆಗೆ ಹೋದವಳಲ್ಲ. ಮನೆಯವರ ದೇಹವನ್ನು ಡಾಕ್ಟರು ಕೊಯ್ಯಬಾರದು ಅನ್ನುತ್ತಾರಲ್ಲ, ಹಾಗೆ. ಆದರೆ ಹುಳ ಮೇಜಿನ ಮೇಲೆ ಬಿದ್ದಿರುವಾಗ ಗೆದ್ದಲು ಸುಮ್ಮನಿದ್ದೀತೆ? ರಜೆಯ ದಿನಗಳಲ್ಲಿ ಕೂತು ಬಿಚ್ಚಿದಳು. ಚಿಪ್ ಮೇಲಿನ ಕಪ್ಪು ಹೊದಿಕೆಯನ್ನು ಆಸಿಡ್ ಹಾಕಿ ಕರಗಿಸಿದಳು. ಒಳಗಿನ ಅಂಕಿಗಳನ್ನು ಎಳೆದುಕೊಂಡು ಓದತೊಡಗಿದಳು. ಬರೆದವನ ಕೈ ಚೆನ್ನಾಗಿತ್ತು. ಒಂದು ಅಕ್ಷರವನ್ನೂ ದಂಡ ಮಾಡದ, ಬ್ಯಾಟರಿಯ ಮೇಲೆ ಕರುಣೆಯಿಟ್ಟು ಬರೆದ ಕೈ. ಓದುತ್ತ ಅವಳಿಗೆ ಆ ಮನುಷ್ಯನ ಮೇಲೆ ಒಂದು ಥರದ ಅಕ್ಕರೆಯೇ ಹುಟ್ಟಿತು. ಆಮೇಲೆ ಒಂದು ಜಾಗದಲ್ಲಿ ಅವಳ ಬೆರಳು ನಿಂತಿತು.

ಶ್ರವಣತಜ್ಞೆಯ ಕಂಪ್ಯೂಟರು ಯಂತ್ರದ ಜೊತೆ ರೇಡಿಯೋ ಮೂಲಕ ಮಾತಾಡುತ್ತಿತ್ತು. ಯಂತ್ರ ಆ ಕಡೆಯಿಂದ ಬಂದ ಆಜ್ಞೆಯನ್ನು ಪಾಲಿಸುತ್ತಿತ್ತು. ಆದರೆ ಆಜ್ಞೆ ಕೊಡುತ್ತಿರುವವರು ಯಾರು ಎಂದು ಅದು ಕೇಳುತ್ತಲೇ ಇರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವನು ಬ್ಯಾಗಿನಲ್ಲಿ ಸಣ್ಣದೊಂದು ರೇಡಿಯೋ ಇಟ್ಟುಕೊಂಡಿದ್ದರೆ ಸಾಕಿತ್ತು. ಎಷ್ಟು ವಿದ್ಯುತ್ತು ಬೇಕಾದರೂ ಕಳಿಸು ಎನ್ನಬಹುದಿತ್ತು. ಅವಳು ಇನ್ನೊಂದು ಹಳೆಯ ಯಂತ್ರ ತರಿಸಿ ಆಫೀಸಿನ ಮೇಜಿನ ಮೇಲೆ ಪರೀಕ್ಷೆ ಮಾಡಿದಳು. ಅಳತೆಯ ಪರದೆಯಲ್ಲಿ ಗೆರೆ ಜಿಗಿದು ಮೇಲಿನ ಅಂಚಿಗೆ ಬಡಿಯಿತು. ತಮ್ಮನ ಹೊಸ ಯಂತ್ರದಲ್ಲೂ ಇರುವುದು ಇದೇ ಪ್ರೋಗ್ರಾಂ, ಆ ಗೆರೆಯ ಇನ್ನೊಂದು ತುದಿಯಲ್ಲಿ ಅವನ ತಲೆ ಇದೆ ಎಂದು ನೆನೆದು ಅವಳು ಥಟ್ಟನೆ ರೇಡಿಯೋ ಆರಿಸಿದಳು.

ಮೊದಲು ಹೇಳಿದ್ದು ತಮ್ಮನಿಗೇ. ಅವನು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ.

"ಅಂದ್ರೆ ನನ್ನ ತಲೆಗೆ ಬಾಗಿಲೇ ಇಲ್ಲ ಅಂತೀಯಾ?"

"ಬಾಗಿಲಿದೆ. ಚಿಲಕ ಇಲ್ಲ."

"ಇರ್ಲಿ ಬಿಡು. ಒಳಗೆ ಕದಿಯೋಕೆ ಏನಿದೆ ಹೇಳು? ಬಂದ ಕಳ್ಳನೇ ಪಾಪ ಅಂತ ಏನಾದ್ರೂ ಇಟ್ಟು ಹೋದಾನು."

"ತಮಾಷೆ ಮಾಡ್ಬೇಡ್ವೋ. ನನಗೆ ಊಟ ಸೇರ್ತಿಲ್ಲ."

ಅವನು ಎಣ್ಣೆಯ ಕೈ ಒರೆಸಿಕೊಂಡ. "ನಿನಗೆ ಸರಿ ಕಂಡಿದ್ದು ಮಾಡಕ್ಕ. ಇದರಲ್ಲಿ ನನಗೇನು ಗೊತ್ತಾಗುತ್ತೆ?" ಅಂದ.

ಅವಳು ಕಂಪನಿಗೆ ತಿಳಿಸಿದಳು. ಇಂಥ ಸುದ್ದಿ ತಂದವರನ್ನು ಕೆಲವು ಕಂಪನಿಗಳು ವಕೀಲರನ್ನು ಮುಂದಿಟ್ಟು ಹೆದರಿಸುತ್ತವೆ. ಇಲ್ಲಿ ಹಾಗಾಗಲಿಲ್ಲ. ಫೋನು ಮಾಡಿದವನು ಆ ಪ್ರೋಗ್ರಾಂ ಬರೆದ ಇಂಜಿನಿಯರನೇ. ವಯಸ್ಸಾದವನು, ಮೆತ್ತಗಿನ ಧ್ವನಿ.

"ನೋಡಮ್ಮಾ, ನಾನು ಇದನ್ನ ಬರೆದಾಗ ಕಿವಿ ಕೇಳಿಸೋ ಹಾಗೆ ಮಾಡಿದ್ರೆ ಸಾಕಪ್ಪಾ ಅನ್ನೋದಷ್ಟೇ ತಲೇಲಿತ್ತು. ಕಿವುಡರ ಮೇಲೆ ಯಾರಾದ್ರೂ ಕಲ್ಲು ಹೊಡೀತಾರೆ ಅಂತ ಹೊಳೀಲೇ ಇಲ್ಲ."

ಇಬ್ಬರೂ ಸೇರಿ ಪರಿಹಾರ ಹುಡುಕಿದರು. ಇನ್ನು ಮುಂದೆ ಯಂತ್ರಕ್ಕೆ ಬರುವ ಪ್ರತಿ ಆಜ್ಞೆಯ ಮೇಲೂ ಕಂಪನಿಯ ಗುಟ್ಟಿನ ಮೊಹರು ಇರಬೇಕು. ಆಸ್ಪತ್ರೆಯವರು ಆಜ್ಞೆ ಬರೆದರೆ ಕಂಪನಿಯ ಕಂಪ್ಯೂಟರು ಮೊಹರು ಒತ್ತಿ ಕೊಡುತ್ತದೆ. ಮೊಹರಿಲ್ಲದ ಮಾತಿಗೆ ಯಂತ್ರ ಕಿವಿಗೊಡುವುದಿಲ್ಲ. ಜನ ಹಾಕಿಕೊಂಡಿರುವ ಯಂತ್ರಗಳಿಗೆಲ್ಲ ಈ ಹೊಸ ಪ್ರೋಗ್ರಾಂ ತುಂಬಬೇಕು, ಹಳೆಯ ಯಂತ್ರಗಳನ್ನೆಲ್ಲ, ಅವಳ ಮೇಜಿನ ಮೇಲಿನದನ್ನೂ ಸೇರಿಸಿ, ವಾಪಸು ತರಿಸಿ ನಾಶ ಮಾಡಬೇಕು. ಎಲ್ಲ ಒಪ್ಪಿಗೆಯಾದ ಮೇಲೆ ಇಂಜಿನಿಯರು ತಡವರಿಸುತ್ತ ಒಂದು ಮಾತು ಕೇಳಿದ.

"ಒಂದು ಸಣ್ಣ ಕಿಂಡಿ ಬಿಡೋಣ್ವಾ? ಆಸ್ಪತ್ರೆಯವರಿಗೆ ಅಂತ. ಎಂದಾದ್ರೂ ನಾವೇ ಇಲ್ಲದೆ ಹೋದ್ರೆ..."

"ಬೇಡ ಸರ್," ಎಂದಳು ಅವಳು. ಯೋಚಿಸಲು ಒಂದು ಗಳಿಗೆಯನ್ನೂ ತೆಗೆದುಕೊಳ್ಳಲಿಲ್ಲ. "ಒಬ್ಬರಿಗೆ ಅಂತ ಬಿಟ್ಟ ಕಿಂಡಿ ಎಲ್ಲರಿಗೂ ಕಿಂಡಿನೇ. ಇಂದಲ್ಲ ನಾಳೆ ನನ್ನಂಥ ಇನ್ನೊಬ್ಬಳು ಅದನ್ನ ಹುಡುಕ್ತಾಳೆ. ಅವಳು ನನ್ನಂತೆ ಫೋನ್ ಮಾಡ್ತಾಳೆ ಅಂತ ಏನು ಗ್ಯಾರಂಟಿ?"

"ಅದೂ ಸರಿಯೇ," ಅಂದ ಇಂಜಿನಿಯರು.

ಅದು ಸರಿಯೇ ಆಗಿತ್ತು. ಅವಳ ಕಸುಬಿನ ಯಾರನ್ನು ಕೇಳಿದರೂ ಹಾಗೇ ಹೇಳುತ್ತಿದ್ದರು. ದೊಡ್ಡ ಸಮ್ಮೇಳನವೊಂದರಲ್ಲಿ ಅವಳು ಈ ಕೆಲಸದ ಬಗ್ಗೆ ಮಾತಾಡಿದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ತಮ್ಮನೂ ಮುಂದಿನ ಸಾಲಿನಲ್ಲಿ ಕೂತಿದ್ದ. "ಚಪ್ಪಾಳೆ ಸದ್ದು ಎಣ್ಣೇಲಿ ಸಾಸಿವೆ ಸಿಡಿದ ಹಾಗೆ ಕೇಳಿಸ್ತು ಕಣಕ್ಕ," ಎಂದು ಹೊರಗೆ ಬಂದು ಹೇಳಿದ.

ಒಂದೆರಡು ವರ್ಷದಲ್ಲಿ ಆ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡಿತು. ಕೊಂಡವರಿಗೆ ಬೇಕಾಗಿದ್ದದ್ದು ಬೇರೆ ಸರಕು. ಕಿವಿಯ ಯಂತ್ರ ಅವರಿಗೆ ಹಿತ್ತಲ ಮುರುಕಲು. ತಯಾರಿಕೆ ನಿಂತಿತು. ಇಂಜಿನಿಯರನನ್ನು ಮನೆಗೆ ಕಳಿಸಿದರು. ಮೊಹರು ಒತ್ತುವ ಕಂಪ್ಯೂಟರನ್ನೂ ಒಂದು ದಿನ ಆರಿಸಿದರು. ಈಗಿರುವ ಯಂತ್ರಗಳು ಕೆಲಸ ಮಾಡುತ್ತವೆ, ಹೊಸದಾಗಿ ಹೊಂದಿಸುವುದು ಸಾಧ್ಯವಿಲ್ಲ ಎಂಬ ವಿನಯದ ಸಂದೇಶವೊಂದು ಎಲ್ಲರಿಗೂ ಬಂತು. ತಮ್ಮನ ಯಂತ್ರ ಚೆನ್ನಾಗಿಯೇ ಇತ್ತು. ಅಕ್ಕ, ತಮ್ಮ ಇಬ್ಬರೂ ಆ ಸಂದೇಶವನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಮೊದಲು ಕಂಡದ್ದು ತಮ್ಮನ ಹೆಂಡತಿಗೆ. ಅವಳು ಜೋರಾಗಿ ನಕ್ಕಾಗಲೆಲ್ಲ ಗಂಡನ ಎಡಗೆನ್ನೆ ಅದುರುತ್ತಿತ್ತು. ಬರಬರುತ್ತ ಲಾರಿಯ ಹಾರ್ನು, ಪಾತ್ರೆ ಬಿದ್ದ ಸದ್ದು, ಯಾವುದಾದರೂ ಸರಿ, ಮುಖದ ಒಂದು ಪಕ್ಕ ಹಿಂಡಿದ ಹಾಗಾಗಿ ಕಣ್ಣಿನ ಬುಡದಲ್ಲಿ ಸೂಜಿ ಚುಚ್ಚಿದಂಥ ನೋವು. ಶ್ರವಣತಜ್ಞೆ ಪರೀಕ್ಷೆ ಮಾಡಿ, ಒಳಗಿನ ಒಂದು ತಂತಿ ಕೆಟ್ಟು ಪಕ್ಕದ ಮುಖದ ನರವನ್ನು ಮುಟ್ಟುತ್ತಿದೆ ಎಂದಳು.

"ಇದೇನು ದೊಡ್ಡ ವಿಷಯ ಅಲ್ಲ. ಇಂಥದ್ದು ಎಷ್ಟೋ ನೋಡಿದೀನಿ. ಆ ಒಂದು ತಂತೀನ ಆಫ್ ಮಾಡಿದ್ರೆ ಆಯ್ತು, ಉಳಿದವುಗಳಲ್ಲಿ ಆರಾಮಾಗಿ ಕೇಳಿಸುತ್ತೆ," ಎಂದು ಹೇಳುತ್ತ ಹೇಳುತ್ತ ಅವಳ ಧ್ವನಿ ಇಳಿಯಿತು. ಪರದೆಯನ್ನು ಅಕ್ಕನ ಕಡೆ ತಿರುಗಿಸಿದಳು. "ಆದ್ರೆ ನನ್ನ ಆಜ್ಞೇನ ಯಂತ್ರ ಒಪ್ತಿಲ್ಲ. ಮೊಹರು ಕೇಳ್ತಿದೆ."

ಅಕ್ಕ ಪರದೆಯನ್ನು ನೋಡಿದಳು. ನಿರಾಕರಣೆಯ ಆ ಸಾಲಿನ ಒಕ್ಕಣೆ ಹೇಗಿರಬೇಕು ಎಂದು ಇಂಜಿನಿಯರನ ಜೊತೆ ಕೂತು ತಿದ್ದಿದವಳು ಅವಳೇ.

ಒಳಗಿನ ಯಂತ್ರವನ್ನೇ ತೆಗೆದು ಬೇರೆ ಕಂಪನಿಯದನ್ನು ಹಾಕಬಹುದೇ ಎಂದು ಸರ್ಜನ್ನನ್ನು ಕೇಳಿದರು. ಸ್ಕ್ಯಾನ್ ನೋಡಿ ಆತ ಆಗದು ಎಂದು ತಲೆಯಾಡಿಸಿದ. ಮೆದುಳು ಜ್ವರ ಬಂದವರ ಒಳಗಿವಿಯಲ್ಲಿ ಕ್ರಮೇಣ ಮೂಳೆ ಬೆಳೆದುಬಿಡುತ್ತದೆ. ಈ ತಂತಿಗಳನ್ನು ಎಳೆದರೆ ಹೊಸದಕ್ಕೆ ಜಾಗವಿರುವುದಿಲ್ಲ, ಬಲಗಿವಿಯಲ್ಲಂತೂ ಆಗಲೇ ಮೂಳೆ ತುಂಬಿಹೋಗಿದೆ. ಸದ್ದನ್ನು ಕಡಿಮೆ ಮಾಡಿಕೊಂಡು ನೋಡಿದ ತಮ್ಮ. ನೋವು ನಿಲ್ಲುವಷ್ಟು ಇಳಿಸಿದರೆ ಮಾತೂ ನಿಂತುಹೋಗುತ್ತಿತ್ತು.

ಅಕ್ಕ ಕೆಲಸ ಬಿಟ್ಟಳು. "ನಾನು ಒಡೀತೀನಿ," ಎಂದಳು ತಮ್ಮನಿಗೆ. "ನಾನು ನೋಡದೆ ಇರೋ ಬೀಗ ಅಲ್ಲ ಅದು."

ಅದೇ ಕಷ್ಟವಾಗಿತ್ತು. ಬೇರೆ ಯಾರದೋ ಕೆಲಸವಾಗಿದ್ದರೆ ಎಲ್ಲೋ ಒಂದು ಕಡೆ ಸೋಮಾರಿತನ ಇರುತ್ತಿತ್ತು, ಅವಸರ ಇರುತ್ತಿತ್ತು, ಅಲ್ಲಿ ಉಗುರು ತೂರಿಸಬಹುದಿತ್ತು. ಇಲ್ಲಿ ಯಾವ ಸಂದಿಗೆ ಹೋದರೂ ಅವಳೇ ಮೊದಲು ಹೋಗಿ ಮಣ್ಣು ಮೆತ್ತಿ ಬಂದಿದ್ದಳು. ಚಿಪ್‌ಗೆ ಹೋಗುವ ವಿದ್ಯುತ್ತನ್ನು ಕ್ಷಣಮಾತ್ರ ತಪ್ಪಿಸಿ ಅದನ್ನು ತಬ್ಬಿಬ್ಬು ಮಾಡುವ ಉಪಾಯವೊಂದಿದೆ. ಅದಕ್ಕೆ ಕಾವಲು ಇಡಿ ಎಂದವಳು ಇವಳೇ. ಹಳೆಯ ಪ್ರೋಗ್ರಾಮನ್ನು ಮತ್ತೆ ತುಂಬುವ ದಾರಿಯೊಂದಿದೆ. ಅದನ್ನು ಮುಚ್ಚಿ ಎಂದವಳೂ ಇವಳೇ. ಬೇರೆ ಬೇರೆ ಕಡೆಯಿಂದ ತರಿಸಿದ ಯಂತ್ರಗಳು ಒಂದಾದ ಮೇಲೊಂದು ಅವಳ ಮೇಜಿನ ಮೇಲೆ ಸತ್ತವು.

ಕೊನೆಗೆ ಹಳೆಯ ಇಂಜಿನಿಯರನಿಗೆ ಫೋನು ಮಾಡಿದಳು.

"ಸರ್, ಆ ಮೊಹರಿನ ಕೀ... ಎಲ್ಲಾದರೂ, ಯಾರ ಹತ್ತಿರನಾದ್ರೂ..."

"ಇಲ್ಲಮ್ಮಾ. ಕಂಪ್ಯೂಟರ್ ಆರಿಸೋ ಮೊದಲು ನಾಶ ಮಾಡಿದ್ರು. ಬೇರೆಯವರ ಕೈಗೆ ಸಿಗಬಾರದು ಅಂತ. ನಾವಿಬ್ಬರೂ ಬರೆದುಕೊಟ್ಟ ಹಾಗೇ ಮಾಡಿದ್ದಾರೆ, ಅದರಲ್ಲಿ ಮಾತ್ರ ಒಂದು ಚೂರೂ ತಪ್ಪಿಲ್ಲ." ಆಮೇಲೆ, "ನನ್ನದೂ ತಪ್ಪು. ನಾನು ಇನ್ನೊಂದು ಸಲ ಕೇಳಬೇಕಿತ್ತು," ಅಂದ.

ಅವಳು ಅವನನ್ನು ಸಮಾಧಾನ ಮಾಡಿ ಫೋನಿಟ್ಟಳು. ತನ್ನನ್ನು ಸಮಾಧಾನ ಮಾಡುವವರು ಯಾರೂ ಇರಲಿಲ್ಲ. ಆ ತೂತಿನಿಂದ ಯಾರಿಗಾದರೂ ಕೇಡಾಗಿತ್ತೇ? ಮುಚ್ಚದಿದ್ದರೆ ಆಗುತ್ತಿತ್ತೇ? ಅವಳ ಕಸುಬಿನ ಶಾಪವೇ ಅದು. ತಪ್ಪಿಸಿದ ಕೇಡು ಕಣ್ಣಿಗೆ ಕಾಣುವುದಿಲ್ಲ. ತಮ್ಮನ ಕೆನ್ನೆ ಮಾತ್ರ ಕಾಣುತ್ತಿತ್ತು.

ಒಂದು ಮಧ್ಯಾಹ್ನ ತಮ್ಮನ ಮನೆಗೆ ಹೋದಾಗ ಅವನು ಅಂಗಡಿಯಲ್ಲಿದ್ದ. ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ಬನ್ನಿ ಎನ್ನಲಿಲ್ಲ, ಕೂತುಕೊಳ್ಳಿ ಎನ್ನಲಿಲ್ಲ.

"ಅಕ್ಕಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮನೆಗೆ ಬೀಗ ಹಾಕೋರು ಬೀಗದ ಕೈ ಎಲ್ಲಿದೆ ಅಂತ ನೋಡ್ಕೊಳ್ಳಲ್ವಾ?"

ಅಕ್ಕನಿಗೆ ಉತ್ತರ ಗೊತ್ತಿತ್ತು. ಕೀ ತನ್ನಂಥವರ ಕೈಯಲ್ಲಿ ಇರಲೇಬಾರದು, ಅದೇ ಆ ಬೀಗದ ಬಲ. ಆ ಉತ್ತರವನ್ನು ಸಮ್ಮೇಳನದಲ್ಲಿ ಹೇಳಿದ್ದಳು, ಚಪ್ಪಾಳೆ ಬಿದ್ದಿತ್ತು. ಇಲ್ಲಿ ಅವಳೂ ಒಂದು ಬಟ್ಟೆ ಎತ್ತಿಕೊಂಡು ಮಡಿಸತೊಡಗಿದಳು.

"ಅವರು ನಿಮಗೆ ಒಂದು ಮಾತೂ ಅಂದಿಲ್ಲ. ಅನ್ನೋದೂ ಇಲ್ಲ. ನನ್ನ ಹತ್ತಿರ ಮಾತಾಡೋವಾಗ ನೋವು ನುಂಗ್ಕೊಂಡು ಹುಳ ಹಾಕ್ಕೋತಾರೆ. ನಾನು ಪಿಸುಗುಟ್ಟಿಕೊಂಡು ಸಂಸಾರ ಮಾಡ್ತಿದೀನಿ." ಅಂಗಿಯ ತೋಳನ್ನು ಅವಳು ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ ಮಾಡುತ್ತಿದ್ದಳು. "ನಗೋದು ಬಿಟ್ಟು ಎಷ್ಟು ದಿನ ಆಯ್ತೋ."

ಇದಾದ ಮೇಲೆ ಅಕ್ಕ ಆ ಮನೆಗೆ ಹೋಗುವುದನ್ನೇ ಕಡಿಮೆ ಮಾಡಿದಳು. ಬೀಗ ಒಡೆದ ಮೇಲೆಯೇ ಹೋಗುತ್ತೇನೆ, ಬರಿಗೈಯಲ್ಲಿ ಹೇಗೆ ಹೋಗಲಿ ಎಂದುಕೊಂಡಳು. ಕಿಟಕಿಯ ಪರದೆ ಸರಿಸದೆ, ತಲೆ ಬಾಚದೆ, ಗುಡ್ಡೆಬಿದ್ದ ತಂತಿಗಳ ನಡುವೆ ಕೂತಳು. ತಮ್ಮ ಕಳಿಸಿದ ಸಂದೇಶಗಳಿಗೆ "ಇನ್ನು ಸ್ವಲ್ಪ" ಎಂದಷ್ಟೇ ಉತ್ತರ.

ಕೊನೆಗೆ ತಮ್ಮನೇ ಬಂದ. ಬಾಗಿಲು ತೆರೆದವಳು ಮೊದಲು ನೋಡಿದ್ದು ಅವನ ಕಿವಿಯನ್ನು. ಅದರ ಮೇಲೆ ಏನೂ ಇರಲಿಲ್ಲ. ಕೂದಲು ಉದುರಿ ಯಂತ್ರವಿದ್ದ ಜಾಗದ ಚರ್ಮ ಬೆಳ್ಳಗೆ ಹೊಳೆಯುತ್ತಿತ್ತು.

"ತೆಗೆದಿಟ್ಟೆ ಕಣಕ್ಕ," ಅಂದ. ತನ್ನ ಧ್ವನಿ ತನಗೆ ಕೇಳದ್ದರಿಂದ ಮಾತು ಬೇಕಾದ್ದಕ್ಕಿಂತ ಜೋರಾಗಿತ್ತು, ತುದಿಗಳು ಮೊಂಡಾಗಿದ್ದವು. "ಹೋದ ವಾರವೇ. ಹೆಂಡತಿಗೆ ಒಂದು ಸಲ ಗಟ್ಟಿಯಾಗಿ ನಕ್ಕುಬಿಡು ಅಂದೆ. ಅವಳು ನಗೋ ಬದಲು ಅತ್ತಳು. ಅದನ್ನೇ ಕೇಳಿಸ್ಕೊಂಡು ಆಫ್ ಮಾಡಿದೆ."

ಅವಳು ಏನೋ ಹೇಳಲು ಬಾಯಿ ತೆರೆದಳು. ಇನ್ನೊಂದು ಉಪಾಯ ಉಳಿದಿದೆ, ಒಂದು ತಿಂಗಳು ತಡಿ ಎಂದು. ಅವನು ಅವಳ ತುಟಿಯನ್ನು ನೋಡಲೇ ಇಲ್ಲ, ಬೇಕೆಂದೇ. ಮೇಜಿನ ಹತ್ತಿರ ಹೋಗಿ, ಸತ್ತ ಯಂತ್ರಗಳನ್ನು ಒಂದೊಂದಾಗಿ ಎತ್ತಿ ಡಬ್ಬಕ್ಕೆ ಹಾಕತೊಡಗಿದ. ಅವಳು ಕೈ ಹಿಡಿದಳು. ಅವನು ಬಿಡಿಸಿಕೊಂಡ.

"ಸಾಕು. ನಾನು ಕಿವಿ ಕಳ್ಕೊಂಡಿದೀನಿ, ಅಷ್ಟೇ. ಅಕ್ಕನ್ನ ಯಾಕೆ ಕಳ್ಕೋಬೇಕು? ಸನ್ನೆ ಭಾಷೆ ಕಲಿಯೋಕೆ ನಾನೂ ಹೋಗ್ತಿದೀನಿ, ಅವಳೂ ಬರ್ತಾಳೆ. ಮೂರು ಸಲ ನಿನಗೆ ಮೆಸೇಜ್ ಮಾಡಿದೆ. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಅಂತೀಯ. ಆ ಬೀಗದ ಹತ್ತಿರ ಮಾತಾಡಿದಷ್ಟು ನನ್ನ ಹತ್ತಿರ ಮಾತಾಡಿಲ್ಲ ನೀನು."

ಅವಳು ಗೋಡೆಗೆ ಒರಗಿ ನೆಲದ ಮೇಲೆ ಕೂತು ಅತ್ತಳು. ಅವನಿಗೆ ಕೇಳಿಸದು ಎಂದು ಗೊತ್ತಿದ್ದುದರಿಂದ ಬಾಯಿಬಿಟ್ಟೇ ಅತ್ತಳು. ಅವನು ಬೆನ್ನು ಹಾಕಿ ನಿಂತು, ಡಬ್ಬ ತುಂಬುವವರೆಗೂ ತುಂಬಿದ.

ಸನ್ನೆ ಭಾಷೆಯ ತರಗತಿ ಶಾಲೆಯೊಂದರ ಡ್ರಾಯಿಂಗ್ ಕೋಣೆಯಲ್ಲಿ ನಡೆಯುತ್ತಿತ್ತು. ಮಕ್ಕಳ ಬೆಂಚುಗಳು, ದೊಡ್ಡವರ ಮೊಣಕಾಲು. ಕಲಿಸುವಾಕೆ ಹುಟ್ಟು ಕಿವುಡಿ, ಕಲಿಯುವವರಲ್ಲಿ ಅಕ್ಕ ಮತ್ತು ತಮ್ಮನ ಹೆಂಡತಿಯನ್ನು ಬಿಟ್ಟರೆ ಎಲ್ಲರೂ ಬೆಳೆದ ಮೇಲೆ ಕಿವಿ ಹೋದವರು. ಬುಡದ ಭಾಷೆಗಳನ್ನು ನೀರು ಕುಡಿದಂತೆ ಕಲಿತಿದ್ದ ಅಕ್ಕನಿಗೆ ಇದು ಹತ್ತಲಿಲ್ಲ. ಕೀಲಿಮಣೆಯ ಮೇಲೆ ಓಡುತ್ತಿದ್ದ ಬೆರಳುಗಳು ಗಾಳಿಯಲ್ಲಿ ಮರಗಟ್ಟಿದವು. ಮಗಳ ವಯಸ್ಸಿನ ಹುಡುಗಿಯರು ಅವಳಿಗಿಂತ ಮುಂದಿದ್ದರು. ತಮ್ಮನ ಹೆಂಡತಿಯಂತೂ ಬಾಯಲ್ಲಿ ಹೇಗೋ ಕೈಯಲ್ಲೂ ಹಾಗೇ, ಮಾತಿನ ಮಲ್ಲಿ. ಆದರೆ ಅಕ್ಕನ ಕಡೆ ಅವಳ ಕೈ ತಿರುಗುತ್ತಿರಲಿಲ್ಲ.

ಎರಡನೆಯ ವಾರ ಅಕ್ಕ ಒಂದು ಚೀಟಿಯಲ್ಲಿ 'ಕ್ಷಮಿಸು' ಎಂದು ಬರೆದು ಕಲಿಸುವಾಕೆಗೆ ತೋರಿಸಿದಳು. ಆಕೆ ಸನ್ನೆ ಮಾಡಿ ತೋರಿಸಿದಳು. ಮೂಲೆಯಲ್ಲಿ ಕೂತು ಅಕ್ಕ ಅದನ್ನೇ ಮಾಡಿ ನೋಡಿದಳು, ಮತ್ತೆ ಮತ್ತೆ. ಆಮೇಲೆ ತಮ್ಮನ ಬೆಂಚಿನ ಮುಂದೆ ಹೋಗಿ ನಿಂತು ಕೈ ಎತ್ತಿದಳು. ಸನ್ನೆ ಅರ್ಧವಾಗುವುದರೊಳಗೆ ಅವನು ಅವಳ ಕೈಯನ್ನು ಹಿಡಿದು ಕೆಳಗಿಳಿಸಿದ.

"ಅದೆಲ್ಲ ಬೇಡ," ಅಂದ ಅದೇ ಜೋರು, ಮೊಂಡು ಧ್ವನಿಯಲ್ಲಿ. "ಮೊದಲು 'ಊಟ ಆಯ್ತಾ' ಅಂತ ಕೇಳೋದು ಕಲಿ. ನೋಡು, ಹೀಗೆ."

ಅವನು ಮಾಡಿ ತೋರಿಸಿದ. ಅವಳು ಮಾಡಿದಳು. ತಪ್ಪಾಯಿತು. ಏನೋ ಬೇರೆಯದೇ, ನಗೆ ಬರಿಸುವಂಥದ್ದು ಆಗಿಹೋಯಿತು. ತಮ್ಮ ತಲೆ ಹಿಂದಕ್ಕೆ ಹಾಕಿ ಗಹಗಹಿಸಿ ನಕ್ಕ. ಕಿಟಕಿಯ ಗಾಜು ಅದುರುವ ಹಾಗೆ ನಕ್ಕ. ಕೋಣೆಯಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ಆ ನಗು ಕೇಳಿಸಿದ್ದು ಅಕ್ಕನಿಗೆ ಮತ್ತು ತಮ್ಮನ ಹೆಂಡತಿಗೆ ಮಾತ್ರ. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡದೆ ತಲೆ ತಗ್ಗಿಸಿ ಕೇಳಿಸಿಕೊಂಡರು.